ಎಡಗಡೆ ಸ್ಟಿಕ್ ಮಾತು ಕೇಳದಿದ್ದಾಗ: ಆರು ಉಪಾಯ, ಎರಡು ಕನ್ಸೋಲ್

ಬೇಸಿಗೆ ರಜಕ್ಕೆ ಬಂದಿದ್ದ ಅಕ್ಕನ ಮಗ ಎರಡನೇ ದಿನವೇ ಕೈಯಲ್ಲಿ ಹಿಡಿದು ವಿಡಿಯೋ ಗೇಮ್ ಆಡುವ ತನ್ನ ಕನ್ಸೋಲನ್ನು ನನ್ನ ಮಡಿಲಿಗೆ ಹಾಕಿದ. "ಮಾಮ, ಎಷ್ಟು ಒತ್ತಿದ್ರೂ ಇವನು ಓಡ್ತಾನೇ ಇಲ್ಲ, ಬರೀ ನಡೀತಾನೆ." ನೋಡಿದರೆ ಹೆಬ್ಬೆರಳಿಂದ ಆಡಿಸುವ ಎಡ ಸ್ಟಿಕ್ಕನ್ನು ಪೂರ್ತಿ ಮೇಲಕ್ಕೆ ತಳ್ಳಿದರೂ ಆಟದೊಳಗಿನ ಹುಡುಗ ಸಂಜೆ ವಾಕಿಂಗ್ ಹೊರಟವನ ಹಾಗೆ ನಡೆಯುತ್ತಿದ್ದ. ನನ್ನ ಹತ್ತಿರವೂ ಅದೇ ಮಾದರಿಯ ಕನ್ಸೋಲ್ ಇದೆ. ಅದರ ಎಡ ಸ್ಟಿಕ್ ಮನಸ್ಸು ಬಂದಾಗ ಕೆಲಸ ಮಾಡುತ್ತಿತ್ತು, ಇಲ್ಲದಿದ್ದರೆ ಇಲ್ಲ. ಬಲ ಸ್ಟಿಕ್ ಕೈ ಮುಟ್ಟದಿದ್ದರೂ ತಾನಾಗಿ ಒಂದು ಕಡೆಗೆ ಜಾರುತ್ತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು, ಜನ ಹೇಳುವ ಉಪಾಯಗಳನ್ನು ಒಂದೊಂದಾಗಿ ಮಾಡಿ ನೋಡೋಣ ಅಂತ ಕೂತೆ.

ಒಳಗೆ ಏನಿದೆ ಅಂತ ಗೊತ್ತಿದ್ದರೆ ಯಾವ ಉಪಾಯ ಯಾಕೆ ಫಲಿಸುತ್ತದೆ ಅನ್ನುವುದು ಬೇಗ ಅರ್ಥವಾಗುತ್ತದೆ. ಈ ಚಪ್ಪಟೆ ಸ್ಟಿಕ್‌ಗಳ ತಳದಲ್ಲಿ ಕಾರ್ಬನ್ ಬಳಿದ ಕಪ್ಪು ಪಟ್ಟಿಗಳಿರುತ್ತವೆ. ಸ್ಟಿಕ್ ಆಡಿಸಿದಾಗ ಕೂದಲಿನಷ್ಟು ಸಣ್ಣ ಲೋಹದ ಬೆರಳುಗಳು ಆ ಪಟ್ಟಿಗಳ ಮೇಲೆ ಉಜ್ಜಿಕೊಂಡು ಓಡಾಡುತ್ತವೆ. ಬೆರಳು ಎಲ್ಲಿ ನಿಂತಿದೆಯೋ ಅದಕ್ಕೆ ತಕ್ಕ ವೋಲ್ಟೇಜ್ ಹೊರಗೆ ಬರುತ್ತದೆ, ಯಂತ್ರ ಅದನ್ನು ಓದಿ ದಿಕ್ಕು ಹಿಡಿಯುತ್ತದೆ. ಹಳೇ ರೇಡಿಯೋದ ವಾಲ್ಯೂಮ್ ತಿರುಗಣೆ ಕೆಲಸ ಮಾಡುವುದೂ ಹೀಗೇ. ಹಾಗಾಗಿ ಮುಖ್ಯವಾಗಿ ಮೂರು ಕಾಯಿಲೆ: ಪಟ್ಟಿಯ ಮೇಲೆ ಕೊಳೆ ಕೂರುವುದು, ಬೆರಳಿನ ಒತ್ತಡ ಸಡಿಲವಾಗುವುದು, ಪಟ್ಟಿಯೇ ಸವೆಯುವುದು.

ಪರೀಕ್ಷೆಗೆ ಹೊಸದೇನೂ ಬೇಡ. ಸೆಟ್ಟಿಂಗ್ಸ್‌ನಲ್ಲಿ ಸ್ಟಿಕ್ ಕ್ಯಾಲಿಬ್ರೇಷನ್ (ಸ್ಟಿಕ್ಕಿನ ನಡು, ಅಂಚು ಎಲ್ಲಿ ಅಂತ ಯಂತ್ರಕ್ಕೆ ಹೊಸದಾಗಿ ತೋರಿಸುವುದು) ಪರದೆ ತೆರೆದು ಸ್ಟಿಕ್ಕನ್ನು ನಿಧಾನವಾಗಿ ಸುತ್ತಿಸಿ. ಚುಕ್ಕೆ ವೃತ್ತದ ಅಂಚು ಮುಟ್ಟಬೇಕು, ಬಿಟ್ಟ ಕೂಡಲೇ ನಡುವಿಗೆ ಬರಬೇಕು. ಹುಡುಗನದರಲ್ಲಿ ಮೇಲ್ಗಡೆ ಚುಕ್ಕೆ ಅರ್ಧ ದಾರಿಗೇ ನಿಲ್ಲುತ್ತಿತ್ತು. ನನ್ನ ಎಡ ಸ್ಟಿಕ್‌ನಲ್ಲಿ ಚುಕ್ಕೆ ನಡುನಡುವೆ ಮಾಯವಾಗುತ್ತಿತ್ತು, ಆದರೆ ಸ್ಟಿಕ್ ಪಕ್ಕದ ಪ್ಲಾಸ್ಟಿಕ್ ಮೇಲೆ ಹೆಬ್ಬೆರಳಿಂದ ಅದುಮಿ ಹಿಡಿದರೆ ನೆಟ್ಟಗಾಗುತ್ತಿತ್ತು. ಈ ಗುರುತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲು ಕ್ಯಾಲಿಬ್ರೇಷನ್ನೇ ಮಾಡಿದೆ. ಖರ್ಚಿಲ್ಲ, ಎರಡು ನಿಮಿಷದ ಕೆಲಸ. ಹುಡುಗನದು ಆ ಸಂಜೆ ಓಡಿತು, ಮಾರನೇ ದಿನ ಮತ್ತೆ ನಡಿಗೆ. ಕೊಳೆ ಇದ್ದಲ್ಲೇ ಇರುವಾಗ ಯಂತ್ರಕ್ಕೆ "ಇಷ್ಟೇ ನಿನ್ನ ಅಂಚು" ಅಂತ ಸುಳ್ಳು ಪಾಠ ಹೇಳಿದಂತೆ ಇದು. ಬೇರೆ ಯಾವ ರಿಪೇರಿ ಮಾಡಿದರೂ ಕೊನೆಗೆ ಒಮ್ಮೆ ಮಾಡಲೇಬೇಕು, ಆದರೆ ಇದೊಂದನ್ನೇ ನಂಬಬಾರದು.

ಕ್ಯಾಮೆರಾ ಲೆನ್ಸಿಗೆ ಗಾಳಿ ಊದುವ ರಬ್ಬರ್ ಬುಗ್ಗೆ ಹಿಡಿದು ಎರಡಕ್ಕೂ ಊದಿದೆ. ಒಂದಿಷ್ಟು ನೂಲು, ಧೂಳು ಹೊರಬಂತು, ಚುಕ್ಕೆ ಕದಲಲಿಲ್ಲ. ಬಾಯಿಂದ ಊದುವುದಂತೂ ಬೇಡವೇ ಬೇಡ, ಎಂಜಲಿನ ತೇವ ಒಳಗೆ ಹೋಗುತ್ತದೆ.

ಮೂರನೆಯದು ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್. ನಾನು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿನಿಂದ ತಂದದ್ದು ಶೇ. 99ರದ್ದು. ಔಷಧಿ ಅಂಗಡಿಯ ಶೇ. 70ರ ಬಾಟಲಿಯಲ್ಲಿ ಉಳಿದದ್ದು ನೀರು, ಅದು ಆರಲು ಹೊತ್ತು ಹಿಡಿಯುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಅಂತೂ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ, ಅಂಟುತ್ತದೆ. ಕನ್ಸೋಲನ್ನು ಪೂರ್ತಿ ಆಫ್ ಮಾಡಿ, ಕಿಟಕಿ ತೆಗೆದು, ಒಲೆ ದೀಪ ಹತ್ತಿರವಿಲ್ಲದ ಜಾಗದಲ್ಲಿ ಕೂತೆ. ಸ್ಟಿಕ್ಕನ್ನು ಒಂದು ಕಡೆಗೆ ಬಾಗಿಸಿ, ಅದರ ಕೆಳಗಿನ ರಬ್ಬರ್ ಲಂಗವನ್ನು ಟೂತ್‌ಪಿಕ್ಕಿನಿಂದ ಮೆಲ್ಲಗೆ ಎತ್ತಿ, ಒಂದೆರಡು ಹನಿ ಬಿಟ್ಟೆ. ಐವತ್ತು ಸುತ್ತು ತಿರುಗಿಸಿ ಇಯರ್‌ಬಡ್ ತುದಿಯಿಂದ ಒತ್ತಿ ತೆಗೆದಾಗ ಬಿಳಿ ಹತ್ತಿಯ ಮೇಲೆ ಕಾಡಿಗೆಯಂಥ ಗೆರೆ. ಅರ್ಧ ಗಂಟೆ ಆರಲು ಬಿಟ್ಟೆ. ಹುಡುಗನ ಕನ್ಸೋಲಿನಲ್ಲಿ ಚುಕ್ಕೆ ನೇರ ಅಂಚಿಗೆ ಹೋಯಿತು. ನನ್ನ ಎರಡು ಸ್ಟಿಕ್‌ಗಳಿಗೆ ಏನೂ ಆಗಲಿಲ್ಲ.

ಒಂಬತ್ತು ದಿನ ಚೆನ್ನಾಗಿ ನಡೆದು ಹುಡುಗನದು ಮತ್ತೆ ಕೈಕೊಟ್ಟಿತು. ಆಗ ನಾಲ್ಕನೆಯದು, ಕಾಂಟ್ಯಾಕ್ಟ್ ಕ್ಲೀನರ್, ಅಂದರೆ ವಿದ್ಯುತ್ ಸಂಪರ್ಕದ ಜಾಗಗಳನ್ನು ತೊಳೆಯುವ ಸ್ಪ್ರೇ. ಇದನ್ನು ಬಾಗಿಲ ಕೀಲಿಗೆ ಹೊಡೆಯುವ ತುಕ್ಕಿನ ಸ್ಪ್ರೇ ಜೊತೆ ಕಲಸಿಕೊಳ್ಳಬೇಡಿ. ಆ ಸ್ಪ್ರೇ ಎಣ್ಣೆ ಉಳಿಸುತ್ತದೆ, ಎಣ್ಣೆಗೆ ಧೂಳು ಅಂಟುತ್ತದೆ. ಡಬ್ಬದ ಮೇಲೆ ಎಲೆಕ್ಟ್ರಾನಿಕ್ಸ್‌ಗೆ, ಪ್ಲಾಸ್ಟಿಕ್‌ಗೆ ತೊಂದರೆ ಇಲ್ಲ ಅಂತ ಬರೆದಿರುವುದನ್ನೇ ಕೇಳಿ ತರಬೇಕು. ವಿಧಾನ ಹಿಂದಿನದೇ, ಆದರೆ ಡಬ್ಬದ ಜೊತೆ ಬರುವ ಕೆಂಪು ಕೊಳವೆಯನ್ನು ರಬ್ಬರಿನ ಕೆಳಗೆ ತೂರಿಸಿ ಚಿಟಿಕೆ ಹೊಡೆದಷ್ಟು ಹೊತ್ತು ಒತ್ತಿದರೆ ಸಾಕು. ಒತ್ತಡದಿಂದ ಹೋಗುವುದರಿಂದ ಇದು ಐಪಿಎ ಹನಿ ತಲುಪದ ಮೂಲೆಯ ಕೊಳೆಯನ್ನೂ ತೊಳೆಯುತ್ತದೆ. ಹುಡುಗ ಊರಿಗೆ ಹೋಗಿ ನಾಲ್ಕು ತಿಂಗಳಾಯಿತು, ಫೋನು ಮಾಡಿದಾಗಲೆಲ್ಲ ಕೇಳುತ್ತೇನೆ, ಇನ್ನೂ ಓಡುತ್ತಿದ್ದಾನಂತೆ. ಮನೆಯಲ್ಲಿ, ಸ್ಕ್ರೂ ಬಿಚ್ಚದೆ ಮಾಡಬಹುದಾದ ಉಪಾಯಗಳಲ್ಲಿ ನನ್ನ ಆಯ್ಕೆ ಇದೇ. ಹತ್ತಿರದಲ್ಲಿ ಸಿಗದಿದ್ದರೆ ಮಾತ್ರ ಐಪಿಎ.

ನನ್ನ ಎಡ ಸ್ಟಿಕ್‌ಗೆ ಕ್ಲೀನರ್ ಎರಡು ದಿನವೂ ತಡೆಯಲಿಲ್ಲ. ಅದುಮಿದರೆ ಸರಿಹೋಗುತ್ತದೆ ಅಂದಮೇಲೆ ಅದರ ಕಾಯಿಲೆ ಕೊಳೆಯಲ್ಲ, ಸಡಿಲ. ಸ್ಟಿಕ್ಕನ್ನು ಹಿಡಿದಿರುವ ತೆಳು ತಗಡು ದಿನಗಳೆದಂತೆ ಬಿಟ್ಟುಕೊಳ್ಳುತ್ತದೆ, ಆಗ ಬೆರಳುಗಳು ಪಟ್ಟಿಯನ್ನು ಗಟ್ಟಿಯಾಗಿ ಮುಟ್ಟುವುದಿಲ್ಲ. ಇದಕ್ಕೆ ಐದನೆಯ ಉಪಾಯ, ರಟ್ಟಿನ ತುಂಡು. ಮೂರು ಕಾಲಿನ ನಕ್ಷತ್ರದಂಥ ತಲೆಯ ಸ್ಕ್ರೂಗಳಿಗೆ ಅದೇ ಆಕಾರದ ಸ್ಕ್ರೂಡ್ರೈವರ್ ಬೇಕು. ತೆರೆದ ಕೂಡಲೇ ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿದೆ. ಸ್ಟಿಕ್‌ನ ಬೆನ್ನಿಗಿರುವ ತಗಡಿನ ಮೇಲೆ ಇಡಲು ಸುಮಾರು 1 ಮಿ.ಮೀ. ದಪ್ಪದ ತುಂಡು ಬೇಕಿತ್ತು. ಮನೆಯಲ್ಲಿದ್ದ ಒಂದು ಲಗ್ನಪತ್ರಿಕೆಯ ಹೊರ ರಟ್ಟು ಸರಿಯಾಗಿ ಹೊಂದಿತು. ತಗಡಿನ ಅಳತೆಗೆ ಚೌಕ ಕತ್ತರಿಸಿ, ಜರಿ ಅಚ್ಚಿದ್ದ ಭಾಗವನ್ನು ಬಿಟ್ಟು ಬರೀ ರಟ್ಟಿನ ಭಾಗ ತೆಗೆದುಕೊಂಡೆ, ಆ ಹೊಳಪಿನಲ್ಲಿ ಲೋಹವಿದ್ದರೆ ಕಷ್ಟ. ಮುಚ್ಚಳ ಮುಚ್ಚಿ ಸ್ಕ್ರೂ ಬಿಗಿದಾಗ ರಟ್ಟು ತಗಡನ್ನು ಒಳಕ್ಕೆ ಒತ್ತುತ್ತದೆ. ಅವತ್ತಿಂದ ಇವತ್ತಿನವರೆಗೆ ಚುಕ್ಕೆ ಒಮ್ಮೆಯೂ ಮಾಯವಾಗಿಲ್ಲ. ಇದೇ ರಟ್ಟನ್ನು ಆ ಒಂಬತ್ತು ದಿನದ ನಂತರ, ಕ್ಲೀನರ್ ಹೊಡೆಯುವ ಮೊದಲು, ಹುಡುಗನದಕ್ಕೂ ಹಾಕಿ ನೋಡಿದ್ದೆ. ಎಳ್ಳಷ್ಟೂ ವ್ಯತ್ಯಾಸವಾಗಿರಲಿಲ್ಲ. ದಪ್ಪ ಜಾಸ್ತಿಯಾದರೆ ಸ್ಟಿಕ್ ಬಿಗಿಯಾಗುತ್ತದೆ, ತೆಳ್ಳಗಿನದರಿಂದಲೇ ಶುರು ಮಾಡಿ.

ಉಳಿದದ್ದು ನನ್ನ ಬಲ ಸ್ಟಿಕ್. ಅದಕ್ಕೆ ಕ್ಲೀನರೂ ನಾಟಲಿಲ್ಲ, ರಟ್ಟೂ ನಾಟಲಿಲ್ಲ. ಬಿಚ್ಚಿ ಭೂತಗನ್ನಡಿ ಹಿಡಿದೆ. ಕಪ್ಪು ಪಟ್ಟಿಯ ನಟ್ಟನಡುವೆ, ಸ್ಟಿಕ್ ಸುಮ್ಮನಿರುವಾಗ ಬೆರಳು ಕೂರುವ ಜಾಗದಲ್ಲಿ, ಉಗುರಿನಿಂದ ಗೀರಿದಂತೆ ಒಂದು ಹೊಳೆಯುವ ಗೆರೆ. ಕಾರ್ಬನ್ ಅಲ್ಲಿ ಸವೆದೇ ಹೋಗಿತ್ತು. ಇದನ್ನು ಯಾವ ದ್ರಾವಣವೂ ತುಂಬಿಕೊಡುವುದಿಲ್ಲ. ಇಲ್ಲಿ ಆರನೆಯದೊಂದೇ ದಾರಿ, ಹೊಸ ಸ್ಟಿಕ್.

ಅದೇ ಕಾರ್ಬನ್ ಬಗೆಯದು ಅಗ್ಗ, ಹಾಲ್ ಎಫೆಕ್ಟ್ ಬಗೆಯದು ತುಟ್ಟಿ. ನಾನು ಎರಡನೆಯದನ್ನೇ ಹಾಕಿದೆ. 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮವೇ ಅದರೊಳಗೆ ಕೆಲಸ ಮಾಡುವುದು: ಸ್ಟಿಕ್ ಜೊತೆ ಪುಟ್ಟ ಆಯಸ್ಕಾಂತ ಅಲುಗುತ್ತದೆ, ಎದುರಿನ ಸೆನ್ಸರ್ ಅದರ ಬಲ ಅಳೆಯುತ್ತದೆ. ಒಂದಕ್ಕೊಂದು ಉಜ್ಜುವುದೇ ಇಲ್ಲ, ಹಾಗಾಗಿ ಸವೆಯಲು ಪಟ್ಟಿಯೂ ಇಲ್ಲ. 1998ರ ಸೇಗಾ ಡ್ರೀಮ್‌ಕಾಸ್ಟ್ ಎಂಬ ಗೇಮ್ ಕನ್ಸೋಲಿನ ಕಂಟ್ರೋಲರಿನಲ್ಲೇ ಈ ತಂತ್ರವಿತ್ತು. ನಮ್ಮ ಚಪ್ಪಟೆ ಬಗೆಯಲ್ಲಿ ಬೆಸುಗೆ ಬೇಕಿಲ್ಲ, ರಿಬ್ಬನ್ ಕೇಬಲ್ಲಿನ ಪುಟ್ಟ ಬೀಗವನ್ನು ಉಗುರಿನಿಂದ ಮೇಲೆತ್ತಿ ಹಳೇದು ತೆಗೆದು ಹೊಸದು ತೂರಿಸಿದರಾಯಿತು. ಬೀಗ ಎತ್ತದೆ ಎಳೆಯಬೇಡಿ, ಅದು ಮುರಿದರೆ ಬೋರ್ಡಿಗೇ ಕೆಲಸ ಬರುತ್ತದೆ. ದೊಡ್ಡ ಡಬ್ಬಿಯಂಥ ಸ್ಟಿಕ್ ಇರುವ ಕನ್ಸೋಲುಗಳಲ್ಲಿ ಮಾತ್ರ ಹತ್ತಾರು ಕಾಲುಗಳ ಬೆಸುಗೆ ಬಿಡಿಸಬೇಕು. ಸೋಲ್ಡರಿಂಗ್ ಕೈ ಪಳಗಿಲ್ಲದಿದ್ದರೆ ಅದನ್ನು ರಿಪೇರಿಯವರಿಗೇ ಕೊಡುವುದು ಒಳ್ಳೆಯದು.

ಹೊಸ ಸ್ಟಿಕ್ ಹಾಕಿದ ಮೇಲೆ ಕ್ಯಾಲಿಬ್ರೇಷನ್ ಮಾಡಿ, ಕೈಬಿಟ್ಟು ಪರದೆ ನೋಡುತ್ತಾ ಕೂತೆ. ಚುಕ್ಕೆ ನಡುವಿನಲ್ಲೇ ನಿಂತಿತ್ತು.