ಕರಿಯನಿಗೆ ಬಹುಮಾನ: ಪ್ಯಾಕೆಟ್ ಬಿಸ್ಕತ್ತೋ, ಕೋಳಿ ಲಿವರೋ?

ನಾಯಿಗೆ ಪಾಠ ಕಲಿಸುವಾಗ ಬಹುಮಾನವಾಗಿ ಯಾವ ತಿಂಡಿ ಕೊಡಬೇಕು? ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ಕೋಳಿ ಲಿವರ್‌ಗೆ. ಚಿಕ್ಕಮಗಳೂರು ಪೇಟೆಯಲ್ಲಿ "ಟ್ರೈನಿಂಗ್‌ಗೆ ಇದೇ ಬೆಸ್ಟು ಸಾರ್" ಅಂತ ಅಂಗಡಿಯವನು ಕೊಟ್ಟ ದುಬಾರಿ ಬಿಸ್ಕತ್ತಿನ ಪ್ಯಾಕೆಟ್ಟು ಇನ್ನೂ ಅರ್ಧ ಹಾಗೇ ಇದೆ.

ನಮ್ಮದು ಆಲ್ದೂರು ಕಡೆ ತೋಟದ ಮನೆ. ಕರಿಯ ಊರ ನಾಯಿ. ಅವನು ಕೈ ಕೊಡೋದು, ಉರುಳೋದು ನನಗೆ ಬೇಕಿಲ್ಲ. ಕರೆದರೆ ಬರಬೇಕು, ಬಾಯಲ್ಲಿರೋದನ್ನ "ಬಿಡು" ಅಂದ್ರೆ ಬಿಡಬೇಕು, ಅಷ್ಟೇ. ಕತ್ತಲಾದ ಮೇಲೆ ತೋಟದಂಚಿಗೆ ಹೋದ ನಾಯಿಯನ್ನ ಚಿರತೆ ಎತ್ತಿಕೊಂಡು ಹೋಗೋದು ಈ ಕಡೆ ಹೊಸ ಸುದ್ದಿಯೇನಲ್ಲ. ಕೊಯ್ಲಿನ ಕಾಲಕ್ಕೆ ಕಣದಲ್ಲಿ ಬಿದ್ದ ಕಾಫಿ ಹಣ್ಣಿಗೂ ಬಾಯಿ ಹಾಕ್ತಾನೆ, ಕೆಫೀನ್ ನಾಯಿಗೆ ಆಗಿಬರಲ್ಲ.

ಬಿಸ್ಕತ್ತಿನ ತಕರಾರು ರುಚಿಯದ್ದಲ್ಲ, ಅವನು ಇಷ್ಟಪಟ್ಟೇ ತಿಂತಾನೆ. ತಕರಾರು ಅದರ ಗಟ್ಟಿತನದ್ದು. ನಾಯಿ ಮಾಡಿದ ಕೆಲಸಕ್ಕೂ ಸಿಕ್ಕ ತಿಂಡಿಗೂ ನಡುವೆ ಒಂದೆರಡು ಸೆಕೆಂಡಿಗಿಂತ ಹೆಚ್ಚು ಅಂತರ ಬಿದ್ದರೆ ಯಾವುದಕ್ಕೆ ಸಿಕ್ಕಿತು ಅನ್ನೋದೇ ಅದಕ್ಕೆ ತಿಳಿಯಲ್ಲ. ಕರಿಯ ಓಡಿ ಬಂದು ಎದುರು ನಿಂತ, ನಾನು ಬಿಸ್ಕತ್ತು ಮುರಿಯೋಕೆ ಹೋದೆ, ಮುರೀಲಿಲ್ಲ. ಮುರಿಯೋ ಹೊತ್ತಿಗೆ ಅವನು ನನ್ನ ಮೊಣಕಾಲಿಗೆ ಹಾರಿದ್ದ. ಆಗ ಕೊಟ್ಟರೆ ಬಹುಮಾನ ಸಿಕ್ಕಿದ್ದು ಹಾರಿದ್ದಕ್ಕೆ!

ಇಡೀ ಬಿಸ್ಕತ್ತೇ ಕೊಟ್ಟರೆ ಇನ್ನೊಂದು ಪೇಚು. ಬಾಯಲ್ಲಿ ಕಚ್ಚಿಕೊಂಡು ಅಂಗಳದ ಮೂಲೆಗೆ ಹೋಗಿ, ಮುಂಗಾಲಲ್ಲಿ ಒತ್ತಿಹಿಡಿದು ಕಟಕಟ ಅಗಿದು, ಆಮೇಲೆ ಬಿದ್ದ ಪುಡಿಗೆಲ್ಲ ಮೂಗು ಹಚ್ಚಿ ನೆಕ್ಕಿ ಮುಗಿಸೋ ಹೊತ್ತಿಗೆ ಪಾಠ ಮರೆತೇಹೋಗಿರುತ್ತೆ. ಮತ್ತೆ ಕರೆದರೆ ನೆಲದ ಪುಡಿಯೇ ಹೆಚ್ಚು. ಜೂನ್ ಬಂತೋ, ಅದೇ ಬಿಸ್ಕತ್ತು ಡಬ್ಬಿಯೊಳಗೇ ಮೆತ್ತಗಾಗುತ್ತೆ. ಸರಿ, ಮುರಿಯೋಕೆ ಸುಲಭ ಅಂದುಕೊಂಡರೆ ಬೂಷ್ಟು.

ಲಿವರ್ ಹಾಗಲ್ಲ. ಉಪ್ಪು ಹಾಕದೆ ಬೇಯಿಸಿ, ಕಡಲೆಕಾಳಿನಷ್ಟು ಚೂರು ಮಾಡಿ, ಕಾವಲಿ ಮೇಲೆ ಸಣ್ಣ ಉರಿಯಲ್ಲಿ ನೀರು ಆರೋವರೆಗೆ ಹುರಿದರೆ ಆಯ್ತು. ಈರುಳ್ಳಿ, ಬೆಳ್ಳುಳ್ಳಿ ತಾಗಲೇಬಾರದು, ನಾಯಿಯ ಕೆಂಪು ರಕ್ತಕಣ ಹಾಳಾಗುತ್ತೆ. ಒಂದು ಚೂರು ಕೊಟ್ಟರೆ ಗುಳುಂ. ಕಣ್ಣು ಮತ್ತೆ ನನ್ನ ಮೇಲೆ. ಸಂತೆ ದಿನ ತಂದು ಮಾಡಿ ಫ್ರೀಜರ್‌ಗೆ ಹಾಕ್ತೀನಿ, ಆ ದಿನಕ್ಕೆ ಬೇಕಾದಷ್ಟೇ ಹೊರಗೆ. ಬಿಸ್ಕತ್ತಿನ ದುಡ್ಡಿಗೆ ಹೋಲಿಸಿದರೆ ಖರ್ಚು ಏನೂ ಅಲ್ಲ.

ವಾಸನೆ ಮಾತ್ರ ಇದೆ, ಇಲ್ಲ ಅನ್ನಲ್ಲ. "ನಾಯಿ ಅಡುಗೆ ಹೊರಗಿನ ಒಲೇಲಿ ಮಾಡ್ಕೋ ಮಾರಾಯ" ಅಂದುಬಿಟ್ಟಿದ್ದಾರೆ ಅಮ್ಮ. ಜೇಬಿಗೆ ಹಾಕಿಕೊಂಡರೆ ಪ್ಯಾಂಟೂ ನಾರುತ್ತೆ, ಹಾಗಾಗಿ ಸೊಂಟಕ್ಕೊಂದು ಚೀಲ. ಅತಿಯಾದರೆ ವಿಟಮಿನ್ ಎ ಹೆಚ್ಚಾಗುತ್ತೆ. ದಿನದ ಆಹಾರದಲ್ಲಿ ಇಂಥ ತಿಂಡಿಯೆಲ್ಲ ಸೇರಿ ಶೇ. 10 ದಾಟಬಾರದು, ಅದರಲ್ಲೂ ಲಿವರ್ ಸ್ವಲ್ಪವೇ. ಅಷ್ಟು ಊಟದಲ್ಲಿ ಕಡಿಮೆ ಮಾಡ್ತೀನಿ.

ಗ್ಲೂಕೋಸ್ ಬಿಸ್ಕತ್ತು: ಬರೀ ಸಕ್ಕರೆ, ಮೈದಾ. ಬಸ್‌ಸ್ಟ್ಯಾಂಡ್ ನಾಯಿಗೆ ಯಾವತ್ತೋ ಒಂದು ಹಾಕೋಕೆ ಸಾಕು.

ಚೆಂಡು: ಎಸೆದರೆ ತರೋ ಜಾತಿಗೆ ಒಳ್ಳೇದು. ಕರಿಯ ನೋಡಿ, ನನ್ನ ಮುಖ ನೋಡಿ, ಮಲಗ್ತಾನೆ.

ಕ್ಲಿಕ್ಕರ್: ಒತ್ತಿದರೆ ಸದ್ದು ಮಾಡೋ ಪುಟ್ಟ ಸಾಧನ. ತತ್ವ ಗಟ್ಟಿ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಅವರ ಶಿಷ್ಯರಾದ ಕೆಲ್ಲರ್ ಮತ್ತು ಮರಿಯನ್ ಬ್ರೆಲಂಡ್ 1940ರ ದಶಕದಲ್ಲೇ ಪ್ರಾಣಿಗಳಿಗೆ ಇಂಥ ಸದ್ದು ಬಳಸಿದ್ದರು. "ಈಗ ಮಾಡಿದ್ದು ಸರಿ" ಅಂತ ಆ ಕ್ಷಣವೇ ತಿಳಿಸಿದರೆ ತಿಂಡಿ ಚೂರು ತಡವಾದರೂ ನಡೆಯುತ್ತೆ. ಆದರೆ ಒಂದು ಕೈಲಿ ಕತ್ತಿ, ಇನ್ನೊಂದು ಕೈಲಿ ಕೊಡೆ ಇರೋ ನನಗೆ ಅದನ್ನ ಹಿಡಿಯೋಕೆ ಕೈಯೆಲ್ಲಿ? ನಾಲಗೆಯಲ್ಲಿ "ಟಕ್" ಅಂತೀನಿ, ಕೆಲಸ ಆಗುತ್ತೆ.

ಈಗ ಪ್ರತಿ ಸಲ ಕೊಡಲ್ಲ. ಕಲಿತ ಮೇಲೆ ಆಗೊಮ್ಮೆ ಈಗೊಮ್ಮೆ ಕೊಟ್ಟರೇ ಪಾಠ ಗಟ್ಟಿಯಾಗಿ ನಿಲ್ಲೋದು, ಉಳಿದದ್ದಕ್ಕೆ "ಭೇಷ್" ಸಾಕು. ಸಂಜೆ ತೋಟದಿಂದ ವಾಪಸ್ ಕರೆದಾಗ ಮಾತ್ರ ತಪ್ಪಿಸಲ್ಲ.

ಮಾಂಸ ಮಾಡದ ಮನೆಯವರು ಪನೀರ್ ಚೂರು ನೋಡಿ, ಹಾಲು ಒಗ್ಗೋ ನಾಯಿಯಾದರೆ. ಮೊದಲ ದಿನ ಎರಡೇ ಚೂರು ಕೊಟ್ಟು, ಮಾರನೇ ದಿನ ಹೊಟ್ಟೆ ಕೆಟ್ಟಿಲ್ಲ ಅಂತ ನೋಡಿಕೊಂಡು ಮುಂದುವರಿಸಿ.