ಜುಕಿ ಎಚ್ ಮಷಿನ್: ಜೀನ್ಸ್ ಹೊಲಿಯೋರಿಗೆ ಅಷ್ಟು ರೊಕ್ಕ ಹಾಕಿದ್ದು ವಸೂಲ್ ಆಗ್ತದಾ?

ಬಳ್ಳಾರ್ಯಾಗೆ ಜೀನ್ಸ್ ಜಾಬ್‌ವರ್ಕ್ ಮಾಡೋರು ಮಷಿನ್ ತಗೋಬೇಕು ಅಂದ್ರೆ ಮೊದ್ಲು ಬರೋ ತಕರಾರು ಇದೇ, ಒಂದು ಜುಕಿ (ಜಪಾನ್ ಕಂಪನಿದು ಹೊಲಿಗೆ ಮಷಿನ್) ತಗೊಳ್ಳೋದಾ ಇಲ್ಲ ಅದೇ ರೊಕ್ಕದಾಗೆ ಸಾದಾ ಮಷಿನ್ ಎರಡು ಹಾಕೋದಾ. ನಮ್ಮದು ಕೌಲ್ ಬಜಾರ್ ಕಡೆ ಸಣ್ಣ ಯೂನಿಟ್. ಕಟಿಂಗ್ ಆಗಿದ್ದು ಬರ್ತದೆ, ಹೊಲಿದು ಕೊಡ್ತೀವಿ, ವಾಷಿಂಗ್ ಬೇರೆಯವರದು. ಜುಕಿ ಡಿಡಿಎಲ್-8700ಎಚ್ ತಂದು ವರ್ಷಗಟ್ಟಲೆ ಆತು, ಅದರ ಮಗ್ಗಲಿಗೇ ಹೆಸರು ದಿಕ್ಕಿಲ್ಲದ ಸಾದಾ ಮಷಿನ್‌ಗಳೂ ಓಡ್ತಾವೆ, ಎಲ್ಲಾದಕ್ಕೂ ಅದೇ ಬಟ್ಟೆ ಅದೇ ದಾರ, ಹಂಗಾಗಿ ಅಂಗಡಿಯವ್ರು ಹೇಳೋದಕ್ಕಿಂತ ಸ್ವಲ್ಪ ಬೇರೆ ಮಾತು ಹೇಳಬಲ್ಲೆ. ಗಂಟು ಬರೋ ಕೆಲಸಕ್ಕೆ ಜುಕಿ ರೊಕ್ಕ ವಸೂಲ್. ಉಳಿದ ಕೆಲಸಕ್ಕೆ ಬೇಡ, ಸುಮ್ನೆ ದಂಡ.

ಗಂಟು ಅಂದ್ರೆ ಹೊಲಿಗೆ ಗೊತ್ತಿಲ್ಲದೋರಿಗೆ ಹೇಳ್ಬೇಕು. ಜೀನ್ಸ್ ಒಳಗಾಲಿನ ಹೊಲಿಗೆ ಒಂದರೊಳಗೊಂದು ಮಡಚಿ ಹಾಕಿರ್ತಾರಲ್ಲ, ಅಲ್ಲೇ ನಾಲ್ಕು ಪದರ ಆಗ್ತದೆ. ಕಾಲಿನ ಬಾಟಮ್ ಮಡಚಿದಾಗ ಬಟ್ಟೆ ಮೂರು ಸಲ ಒಂದರ ಮೇಲೊಂದು ಬರ್ತದೆ. ಅಂದ್ರೆ ಒಳಗಾಲಿನ ಹೊಲಿಗೆ ಮತ್ತು ಬಾಟಮ್ ಸೇರೋ ಆ ಒಂದು ಜಾಗದಾಗೆ ಹನ್ನೆರಡು ಪದರ ಡೆನಿಮ್, ಅದೂ 12 ಔನ್ಸ್ (ಚದರ ಗಜಕ್ಕೆ ಅಷ್ಟು ತೂಕದ್ದು) ಬಟ್ಟೆ ಆದ್ರೆ ಸೂಜಿಗೆ ಹಲಗೆ ಇದ್ದಂಗೆ. ಸಾದಾ ಬಟ್ಟೆ ಮೇಲೆ ಎರಡೂ ಮಷಿನ್ ಟಾಕಾ (ಹೊಲಿಗೆಯ ಒಂದೊಂದು ಹೆಜ್ಜೆ) ಪಕ್ಕಪಕ್ಕ ಇಟ್ಟು ತೋರಿಸಿದ್ರೆ ಯಾವ ಮೇಸ್ತ್ರಿಗೂ ಫರಕ್ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ. ಗಂಟಿನ ಮೇಲೆ ಬಂದಾಗ ಸಾದಾ ಮಷಿನ್ ನಿಲ್ತದೆ, ಹಿಂದಿಂದ ಕೈಯಲ್ಲಿ ಎಳೀಬೇಕು, ಎಳೆದ್ರೆ ಸೂಜಿ ವಾಲ್ತದೆ, ಒಂದೆರಡು ಟಾಕಾ ಬಿಟ್ಟು ಮುಂದೆ ಹೋಗ್ತದೆ. ನೋಡಾಕೆ ಅಲ್ಲೇನೂ ಕಾಣಲ್ಲ, ವಾಷಿಂಗ್‌ನಾಗೆ ಕಲ್ಲು ಕೆಮಿಕಲ್ ಜೊತೆ ಉರುಳಾಡಿ ಬಂದ ಮೇಲೆ ಸರಿಯಾಗಿ ಅದೇ ಜಾಗದಾಗೆ ದಾರ ಬಿಚ್ಕೊಂಡಿರ್ತದೆ, ಪಾರ್ಟಿ ಪೀಸ್ ವಾಪಸ್ ಕಳಿಸ್ತಾನೆ.

ಯಾಕೆ ಹಿಂಗೆ ಅಂದ್ರೆ, ಒಂದು ಟಾಕಾ ಬೀಳಾಕೆ ಕೆಳಗಿನ ಹುಕ್, ಅಂದ್ರೆ ದಾರ ಹಿಡಿಯೋ ಕೊಕ್ಕೆ, ಎರಡು ಸುತ್ತು ತಿರುಗ್ತದೆ. ಎಚ್ ಮಾಡೆಲ್‌ದು ಮ್ಯಾಕ್ಸಿಮಮ್ ಸ್ಪೀಡ್ ನಿಮಿಷಕ್ಕೆ 4000 ಟಾಕಾ, ಅಂದ್ರೆ ಹುಕ್ 8000 ಸುತ್ತು, ಅಷ್ಟು ಜೋರಲ್ಲಿ ಹುಕ್ಕಿನ ಮೊನೆ ಸೂಜಿ ಮಗ್ಗಲಿಗೆ ಒಂದು ಕಾಗದ ಹಿಡಿಸೋ ಸಂದಿಯಾಗೆ ಹಾದುಹೋಗಿ ದಾರದ ಕುಣಿಕೆ ಹಿಡ್ಕೋಬೇಕು. ಸೂಜಿ ಸ್ವಲ್ಪ ಬಾಗಿದ್ರೂ ಸಿಗಲ್ಲ, ಇಲ್ಲಾಂದ್ರೆ ಹುಕ್ಕಿಗೇ ಬಡಿದು ಟಕ್ ಅಂತ ಮುರೀತದೆ. ಕಮ್ಮಿ ರೇಟಿನ ಮಷಿನ್‌ನಾಗೂ ಹೊಸದರಲ್ಲಿ ಈ ಟೈಮಿಂಗ್ ಸರಿಯಾಗೇ ಇರ್ತದೆ. ಸೂಜಿ ರಾಡ್ ಹಿಡಿದಿರೋ ಬುಷ್ ಸವೆದು ರಾಡ್ ಅಲ್ಲಾಡಾಕೆ ಶುರು ಆದ್ಮೇಲೆ ಇರಲ್ಲ. ದುಬಾರಿ ಮಷಿನ್‌ಗೆ ನಾವು ಕೊಡೋ ರೊಕ್ಕ ಮೊದಲ ದಿನದ ಹೊಲಿಗೆಗಲ್ಲ, ಆ ರಾಡ್ ಅಲ್ಲಾಡದಂಗೆ ಇರೋದಕ್ಕೆ. ಇದು ಶೋರೂಮ್‌ನಾಗೆ ಹತ್ತು ನಿಮಿಷ ತುಳಿದು ನೋಡಿದ್ರೆ ಗೊತ್ತಾಗೋದಲ್ಲ.

ಇನ್ನ ಮಾಡೆಲ್ ವಿಷಯ. ಬರೇ 8700 ಬೇರೆ, 8700ಎಚ್ ಬೇರೆ, ಇದನ್ನ ಅಂಗಡಿಯಾಗೆ ಕೇಳಿ ತಗೊಳ್ರಿ. ಎಚ್‌ದು ದಪ್ಪ ಬಟ್ಟೆಗೆ ಅಂತಾನೇ ಮಾಡಿದ್ದು, ಟಾಕಾ ಉದ್ದ 5 ಎಂಎಂ ತನಕ ಹೋಗ್ತದೆ, ಬರೇ 8700ದಾಗೆ 4ಕ್ಕೇ ನಿಲ್ತದೆ. ಕೇಸರಿ ದಪ್ಪ ದಾರ ಹಾಕಿ ಮೇಲ್‌ಹೊಲಿಗೆ ಕೊಡುವಾಗ ಉದ್ದ ಟಾಕಾ ಬೇಕೇಬೇಕು. ಸೂಜಿ 18, 19 ನಂಬರ್ ಹಾಕ್ತೀವಿ. ಎಚ್ ಮಷಿನ್‌ಗೆ 14 ನಂಬರ್ ಸಣ್ಣ ಸೂಜಿ ಹಾಕಿ ಗಂಟಿನ ಮೇಲೆ ಓಡಿಸಿ ಮಷಿನ್ ಸರಿ ಇಲ್ಲ ಅನ್ನೋರೂ ಅದಾರೆ, ಅವರಿಗೇನು ಹೇಳೋದು.

ಕಾರಿಗರ್‌ಗಳ ಮಾತು ಯಾರೂ ಬರೆಯಲ್ಲ ಅದಕ್ಕೆ ಬರೀತೀನಿ. ನಮ್ಮ ಕಡೆ ಕೂಲಿ ಪೀಸ್ ಲೆಕ್ಕ. ದಾರ ಹರಿದ್ರೆ, ಸೂಜಿ ಮುರಿದ್ರೆ, ಬಿಚ್ಚಿ ಹೊಲಿಯಾಕೆ ಕೂತ್ರೆ ಆ ಟೈಮಿಗೆ ಯಾರೂ ರೊಕ್ಕ ಕೊಡಲ್ಲ. ಅಂದ್ರೆ ಕಮ್ಮಿ ಮಷಿನ್ ತಂದು ಮಾಲಿಕ ಉಳಿಸಿದ್ದನ್ನ ದಿನಾ ಸ್ವಲ್ಪ ಸ್ವಲ್ಪ ಕಟ್ಟೋದು ಅದರ ಮೇಲೆ ಕುಂತಿರೋ ಹೆಣ್ಮಗಳು. ನಮ್ಮ ಬಾಟಮ್ ಹೊಲಿಯೋ ಅಕ್ಕ ಬೆಳಗ್ಗೆ ಬಂದಕೂಡ್ಲೆ ಎಚ್ ಮೇಲೆ ತನ್ನ ಕತ್ತರಿ, ಬಾಬಿನ್ ಡಬ್ಬಿ ಇಟ್ಟು ಜಾಗ ಹಿಡೀತಾಳೆ, ಆಮೇಲೆ ನೀರು ಕುಡಿಯಾಕೆ ಹೋಗ್ತಾಳೆ. ಒಳ್ಳೆ ಕೈ ಇರೋರು ಬಿಟ್ಟು ಹೋಗದಂಗೆ ಇಟ್ಕೊಳ್ಳಾಕೆ ಬೋನಸ್ ಕೊಡೋದಕ್ಕಿಂತ ಒಳ್ಳೆ ಮಷಿನ್ ಕೊಡೋದು ಅಗ್ಗ ಅನ್ನಿಸ್ತದೆ ನನಗೆ.

ದುಬಾರಿ ಅಂದ್ಕೂಡ್ಲೆ ಏನೂ ಮಾಡೋದು ಬ್ಯಾಡ ಅಂತಲ್ಲ ಮತ್ತೆ. ಡೆನಿಮ್ ನೀಲಿ ಧೂಳು ಎಲ್ಲಾ ಮಷಿನ್‌ಗೂ ಒಂದೇ ಶನಿ. ಸಂಜೆ ಸೂಜಿ ಪ್ಲೇಟ್ ಎರಡು ಸ್ಕ್ರೂ ಬಿಚ್ಚಿ ನೋಡ್ರಿ, ಬಟ್ಟೆ ಸರಿಸೋ ಹಲ್ಲಿನ ಸಂದಿಯಾಗೆ ಧೂಳು ಎಣ್ಣೆ ಕುಡಿದು ಕಂಬಳಿ ತುಂಡಿನಂಗೆ ಗಟ್ಟಿಯಾಗಿರ್ತದೆ, ಬ್ರಷ್‌ನಾಗೆ ಬರಲ್ಲ, ಚಿಮಟಾ ಹಾಕಿ ಎತ್ತಬೇಕು. ಅದು ಬಿಟ್ರೆ ಹಲ್ಲು ಮೇಲೆ ಬರಲ್ಲ, ಬಟ್ಟೆ ಸರಿಯಲ್ಲ. ಎಣ್ಣೆ ಟ್ಯಾಂಕ್‌ನಾಗೆ ಮೇಲಿನ ಗುರುತು ಕೆಳಗಿನ ಗುರುತು ಅಂತ ಐತೆ, ಅದರ ನಡುವೆ ಇರ್ಬೇಕು, ಬಿಳಿ ಎಣ್ಣೆನೇ ಹಾಕ್ಬೇಕು, ಮೇಲೆ ಗಾಜಿನ ಕಿಂಡಿಯಾಗೆ ಎಣ್ಣೆ ಚಿಮ್ಮೋದು ಕಾಣ್ತಿರ್ಬೇಕು. ಹೊಸದು ತಂದ ಮೊದಲ ತಿಂಗಳು ಸ್ಪೀಡ್ ಕಮ್ಮಿ ಇಡ್ರಿ.

ಮೋಟಾರ್ ಬೇರೆ ಕತಿ. ಎಚ್ ತಲೆ (ಹೊಲಿಯೋ ಮೇಲಿನ ಭಾಗ) ಬೇರೆ, ಮೋಟಾರ್ ಬೇರೆ, ಬೆಲ್ಟ್ ಹಾಕಿ ಓಡಿಸೋದು, ಹಂಗಾಗಿ ಮೋಟಾರ್ ನಾವೇ ಆರಿಸ್ಕೋಬಹುದು. ಹಳೇ ಕ್ಲಚ್ ಮೋಟಾರ್ ಸ್ವಿಚ್ ಹಾಕಿದ್ರೆ ಮುಗೀತು, ಹೊಲಿದ್ರೂ ಹೊಲೀದಿದ್ರೂ ತಿರುಗ್ತಾನೇ ಇರ್ತದೆ, ಕರೆಂಟ್ ತಿಂತದೆ, ಬಿಸಿ ಉಗುಳ್ತದೆ. ಏಪ್ರಿಲ್ ಮೇ ತಿಂಗಳಾಗೆ ಬಳ್ಳಾರಿ ಬಿಸಿಲು 40 ದಾಟಿರ್ತದೆ, ಮೇಲೆ ತಗಡಿನ ಶೀಟು, ಒಳಗೆ ಕ್ಲಚ್ ಮೋಟಾರ್ ಸಾಲು, ಆ ಗುಂಯ್ ಸದ್ದಾಗೆ ಮಧ್ಯಾಹ್ನ ತಲೆ ಹಿಡೀತದೆ. ಸರ್ವೋ ಮೋಟಾರ್ ಕಾಲು ಒತ್ತಿದಾಗ ಮಾತ್ರ ತಿರುಗ್ತದೆ, ಗಂಟಿನ ಮೇಲೆ ಒಂದೊಂದೇ ಟಾಕಾ ಮೆಲ್ಲಗೆ ಹಾಕಾಕೂ ಬರ್ತದೆ. ಆದ್ರೆ ವೋಲ್ಟೇಜ್ ಏರಿಳಿತಕ್ಕೆ ಸರ್ವೋ ಬಾಕ್ಸ್ ಒಳಗಿನ ಬೋರ್ಡ್ ಹೋಗೋ ಭಯ ಐತೆ, ಬೋರ್ಡ್ ಹೋದ್ರೆ ಜೇಬು ಸುಡ್ತದೆ, ಕ್ಲಚ್ ಮೋಟಾರ್ ಆದ್ರೆ ಯಾವ ವೈಂಡಿಂಗ್ ಅಂಗಡಿಯಾಗಾದ್ರೂ ಸುತ್ತಿ ಕೊಡ್ತಾರೆ. ಸ್ಟೆಬಿಲೈಜರ್ ಖರ್ಚನ್ನೂ ಮಷಿನ್ ರೇಟಿಗೇ ಸೇರಿಸ್ಕೊಂಡು ಲೆಕ್ಕ ಹಾಕ್ರಿ.

ಡುಪ್ಲಿಕೇಟ್ ಬಗ್ಗೆ ಹುಷಾರು. ಅದೇ ಬಣ್ಣ, ಅದೇ ಥರಾ ಅಕ್ಷರ, ನಂಬರ್ ಪ್ಲೇಟ್ ಮಾತ್ರ ಮಸುಕು. ಮೇಡ್ ಇನ್ ಚೈನಾ ಅಂತ ಬರೆದಿದ್ದಕ್ಕೇ ಡುಪ್ಲಿಕೇಟ್ ಅನ್ನಬೇಡ್ರಿ, ಜುಕಿ ಕಂಪನಿದೇ ಚೈನಾದಾಗೂ ಫ್ಯಾಕ್ಟರಿ ಅದಾವೆ. ಸೆಕೆಂಡ್ ಹ್ಯಾಂಡ್ ನೋಡೋರು ಪೇಂಟ್ ನೋಡ್ಬೇಡ್ರಿ, ಸೂಜಿ ರಾಡ್ ಕೆಳಗಿಳಿಸಿ ಬೆರಳಾಗೆ ಹಿಡಿದು ಆಕಡೆ ಈಕಡೆ ಅಲ್ಲಾಡಿಸಿ ನೋಡ್ರಿ, ಆಮೇಲೆ ಕೈಯಲ್ಲಿ ಚಕ್ರ ತಿರುಗಿಸ್ರಿ, ಎಲ್ಲಾದ್ರೂ ಒಂದು ಕಡೆ ಬಿಗಿ ಹಿಡಿದ್ರೆ ಬಿಟ್ಟು ಬರ್ರಿ. ಜೊತೆಗೆ ನಿಮ್ಮ ಬಟ್ಟೆ ಒಯ್ದು ಗಂಟು ಮಾಡಿ ಹೊಲಿದು ನೋಡ್ರಿ, ಅವರು ಕೊಡೋ ತೆಳ್ಳನೆ ಬಟ್ಟೆ ಮೇಲೆ ಯಾವ ಮಷಿನ್ ಆದ್ರೂ ಹೊಲೀತದೆ.

ಇಷ್ಟೆಲ್ಲ ಹೊಗಳಿದ್ರೂ ಎಲ್ಲಾ ಮಷಿನ್ ಜುಕಿನೇ ಹಾಕ್ಬೇಕು ಅಂತ ನಾ ಹೇಳಲ್ಲ. ಜೇಬಿನ ಒಳಬಟ್ಟೆ, ಜಿಪ್ ಪಟ್ಟಿ, ಲೇಬಲ್, ಇವಕ್ಕೆಲ್ಲ ಸಾದಾ ಮಷಿನ್ ಸಾಕೋ ಸಾಕು. ಚೈನಾ ಬ್ರ್ಯಾಂಡ್‌ದೂ ಈಗ ಮೊದಲಿನಂಗಿಲ್ಲ, ಬಹಳ ಸುಧಾರಿಸ್ಯಾವೆ. ಬಾರ್‌ಟ್ಯಾಕ್ (ಜೇಬಿನ ಮೂಲೆಗೆ ಗಟ್ಟಿ ಟಾಕಾ ಹಾಕೋದು), ಫೀಡ್ ಆಫ್ ದಿ ಆರ್ಮ್ (ಕಾಲಿನ ಮಡಚಿದ ಹೊಲಿಗೆ ಹಾಕೋದು) ಇಂಥ ಲಕ್ಷದ ಮಾತಿನ ಮಷಿನ್ ಸಣ್ಣ ಯೂನಿಟ್ಟಿನೋರು ಸಾಲ ಮಾಡಿ ತರೋದು ಬೇಕಿಲ್ಲ, ಈ ಊರಾಗೆ ಓಣಿಗೊಬ್ಬ ಪೀಸಿಗಿಷ್ಟು ಅಂತ ಹಾಕ್ಕೊಡೋನು ಇರ್ತಾನೆ, ದಿನಾ ತುಂಬಾ ಓಡೋವಷ್ಟು ಕೆಲಸ ನಮ್ಮತ್ರ ಇದ್ರೆ ಮಾತ್ರ ಆ ಮಾತು. ನಾನಂತೂ ಈ ದಸರಾಕ್ಕೆ ಇನ್ನೊಂದು ಜುಕಿ ತರಲ್ಲ, ಇರೋ ಸಾದಾ ಮಷಿನ್‌ಗಳ ಕ್ಲಚ್ ಮೋಟಾರ್ ಕಿತ್ತು ಸರ್ವೋ ಹಾಕಿಸ್ತೀನಿ, ತಲೆ ಹಳೇದೇ ಇರ್ಲಿ.