ಕತೆಯ ಪಕ್ಕದಲ್ಲೇ ಚರಿತ್ರೆ: ಬಸವನಗುಡಿಯ ಒಂದು ಪುಸ್ತಕದಂಗಡಿ

ಬಸವನಗುಡಿಯ ಡಿ.ವಿ.ಜಿ. ರಸ್ತೆಯಿಂದ ಒಳಕ್ಕೆ ತಿರುಗುವ ಅಡ್ಡರಸ್ತೆಯೊಂದರಲ್ಲಿ, ಹಳೆಯ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ನಡೆಯುತ್ತಿರುವ ಪುಸ್ತಕದಂಗಡಿಗೆ ನಾನು ಎರಡು ವರ್ಷಗಳಿಂದ ತಿಂಗಳಿಗೊಮ್ಮೆಯಾದರೂ ಹೋಗುತ್ತಿದ್ದೇನೆ. ಮಾಲೀಕರು ಪ್ರಚಾರ ಬೇಡವೆಂದು ಕೇಳಿಕೊಂಡಿರುವುದರಿಂದ ಅಂಗಡಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಗಾಂಧಿ ಬಜಾರಿನಲ್ಲಿ ಹೂವು ಮಾರುವವರನ್ನು ಕೇಳಿದರೂ ದಾರಿ ತೋರಿಸುತ್ತಾರೆ.

ನಮ್ಮ ಬಹುತೇಕ ಕನ್ನಡ ಪುಸ್ತಕ ಮಳಿಗೆಗಳಲ್ಲಿ ಪುಸ್ತಕಗಳನ್ನು ಲೇಖಕರ ಹೆಸರಿನ ಪ್ರಕಾರವೋ ಪ್ರಕಾಶನದ ಪ್ರಕಾರವೋ ಜೋಡಿಸಿರುತ್ತಾರೆ. ಕತೆ, ಕಾದಂಬರಿಗಳಿಗೆ ಒಂದು ಗೋಡೆ, ವಿಜ್ಞಾನ, ಇತಿಹಾಸ, ಜೀವನಚರಿತ್ರೆಗಳಿಗೆ ಇನ್ನೊಂದು ಗೋಡೆ. ಈ ಅಂಗಡಿಯಲ್ಲಿ ಹಾಗಿಲ್ಲ. ಕಾಡು, ನೀರು, ರೋಗ, ಊರು, ರಾಜ್ಯಭಾರ, ಮದುವೆ ಎಂದು ವಿಷಯಕ್ಕೊಂದು ಕಪಾಟು ಮಾಡಿ, ಆ ವಿಷಯದ ಕಾದಂಬರಿಯನ್ನೂ ಅಧ್ಯಯನ ಗ್ರಂಥವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದಾರೆ. ಒಂದು ಪುಸ್ತಕ ಓದಿ ಮುಗಿಸಿದಾಗ ಮನಸ್ಸಿನಲ್ಲಿ ಏಳುವ ಪ್ರಶ್ನೆಗೆ ಉತ್ತರ ಕೈಗೆಟಕುವಷ್ಟು ಹತ್ತಿರದಲ್ಲಿರಬೇಕು ಎನ್ನುವುದು ಮಾಲೀಕರ ನಂಬಿಕೆ. ಈ ಒಂದು ಏರ್ಪಾಡಿನಿಂದಾಗಿಯೇ ನಾನು ಈ ಅಂಗಡಿಯನ್ನು ನಗರದ ದೊಡ್ಡ ಮಳಿಗೆಗಳಿಗಿಂತ ಮೇಲೆಂದು ಎಣಿಸುತ್ತೇನೆ.

ಕೊಡಗಿನ ಸಾಲನ್ನೇ ನೋಡಿ. 1956ರಲ್ಲಿ ಪ್ರಕಟವಾದ, ಮಾಸ್ತಿಯವರಿಗೆ 1983ರ ಜ್ಞಾನಪೀಠವನ್ನು ತಂದುಕೊಟ್ಟ, ಕೊಡಗಿನ ಕೊನೆಯ ಅರಸನ ಕುರಿತ ಕಾದಂಬರಿ 'ಚಿಕವೀರ ರಾಜೇಂದ್ರ' ಅಲ್ಲಿದೆ. ಅದಕ್ಕೆ ತಾಗಿಕೊಂಡೇ ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡುಗಳನ್ನೂ ಪದ್ಧತಿಗಳನ್ನೂ ಸಂಗ್ರಹಿಸಿ 1924ರಲ್ಲಿ ಹೊರತಂದ 'ಪಟ್ಟೋಲೆ ಪಳಮೆ', ಅದರಾಚೆ ಕೊಡಗಿನ ಇತಿಹಾಸದ ಎರಡು ಸಂಶೋಧನಾ ಗ್ರಂಥಗಳು ಇವೆ. ನಾನು ಕಾದಂಬರಿಯನ್ನು ಕಾಲೇಜಿನ ದಿನಗಳಲ್ಲಿಯೇ ಓದಿದ್ದೆ. ಆದರೆ ಅದರಲ್ಲಿ ಚರಿತ್ರೆ ಎಷ್ಟು, ಮಾಸ್ತಿಯವರ ಕಲ್ಪನೆ ಎಷ್ಟು ಎಂಬ ಪ್ರಶ್ನೆಯನ್ನು ಬಗೆಹರಿಸಿಕೊಂಡಿರಲಿಲ್ಲ. 1834ರಲ್ಲಿ ಬ್ರಿಟಿಷರು ರಾಜ್ಯವನ್ನು ವಶಪಡಿಸಿಕೊಂಡ ಮೇಲೆ ಅರಸ ಕಾಶಿಯಲ್ಲಿ ವರ್ಷಗಟ್ಟಲೆ ಕಳೆದದ್ದು, 1852ರಲ್ಲಿ ಮಗಳು ಗೌರಮ್ಮನೊಂದಿಗೆ ಇಂಗ್ಲೆಂಡಿಗೆ ಹೋದದ್ದು, ಅಲ್ಲಿ ನಡೆದ ಮತಾಂತರದಲ್ಲಿ ವಿಕ್ಟೋರಿಯಾ ರಾಣಿಯೇ ಆ ಹುಡುಗಿಗೆ ಧರ್ಮಮಾತೆಯಾದದ್ದು, 1859ರಲ್ಲಿ ಅರಸ ಲಂಡನ್ನಿನಲ್ಲಿಯೇ ತೀರಿಕೊಂಡದ್ದು, ಇವನ್ನೆಲ್ಲ ಪಕ್ಕದ ಪುಸ್ತಕದಲ್ಲಿ ಓದಿದ ಮೇಲೆ ಕಾದಂಬರಿಯನ್ನು ಮತ್ತೊಮ್ಮೆ ಕೈಗೆತ್ತಿಕೊಂಡೆ. ಎರಡನೆಯ ಓದಿನಲ್ಲಿ, ಮೊದಲ ಸಲ ಕೇವಲ ದುಷ್ಟನಾಗಿ ಕಂಡಿದ್ದ ಅರಸನ ಬಗ್ಗೆ ಮರುಕ ಹುಟ್ಟಿತು.

ಕಾಡಿನ ಕಪಾಟು ಇನ್ನೂ ಸಮೃದ್ಧವಾಗಿದೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು', ಹಾರುವ ಓತಿಯ ಹುಡುಕಾಟದ ಕತೆಯಾದ ತೇಜಸ್ವಿಯವರ 'ಕರ್ವಾಲೊ', ಬಿ.ಜಿ.ಎಲ್. ಸ್ವಾಮಿಯವರಿಗೆ 1978ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ 'ಹಸುರು ಹೊನ್ನು' ಅಕ್ಕಪಕ್ಕದಲ್ಲಿವೆ. ಸಸ್ಯವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಸ್ವಾಮಿಯವರು ವಿದ್ಯಾರ್ಥಿಗಳೊಂದಿಗೆ ಕಾಡು ಸುತ್ತಿದ ಅನುಭವವನ್ನು ಕತೆ ಹೇಳುವವರ ಲವಲವಿಕೆಯಿಂದ ಬರೆದಿರುವುದರಿಂದ, ಆ ಪುಸ್ತಕವನ್ನು ಯಾವ ಗೋಡೆಗೆ ಸೇರಿಸಬೇಕೆಂಬುದು ಬೇರೆ ಅಂಗಡಿಗಳಲ್ಲಿ ಸದಾ ತೊಡಕಿನ ಸಂಗತಿ. ಇಲ್ಲಿ ಆ ಪ್ರಶ್ನೆಯೇ ಹುಟ್ಟುವುದಿಲ್ಲ. (ಅವರ ತಂದೆ ಡಿ.ವಿ.ಜಿ.ಯವರ ಹೆಸರಿನ ರಸ್ತೆಯ ಪಕ್ಕದಲ್ಲಿಯೇ ಅವರ ಪುಸ್ತಕ ಕೊಂಡದ್ದು ನನಗೆ ವಿಶೇಷ ಸಂತೋಷ ಕೊಟ್ಟಿತು.)

ಕಳೆದ ಬೇಸಿಗೆ ರಜೆಯಲ್ಲಿ ಇದೇ ಕಪಾಟಿನ ಮುಂದೆ ಎಂಟನೆಯ ತರಗತಿಯ ಹುಡುಗನೊಬ್ಬ ನಿಂತಿದ್ದ. "ಅಂಕಲ್, ಹಾರುವ ಓತಿ ನಿಜವಾಗಿಯೂ ಇದೆಯಾ, ಇಲ್ಲಾ ಕತೆಗೆ ಅಂತ ಬರೆದಿದ್ದಾರಾ?" ಎಂದು ಕೇಳಿದ. ಮಾಲೀಕರು ಇದೆ ಎಂದು ಹೇಳಿ ಸುಮ್ಮನಾಗಬಹುದಾಗಿತ್ತು. "ಬಾ ಮರಿ, ನೋಡೋಣ" ಎನ್ನುತ್ತಾ ಪಶ್ಚಿಮಘಟ್ಟದ ಸರೀಸೃಪಗಳ ಸಚಿತ್ರ ಪುಸ್ತಕವೊಂದನ್ನು ಕೆಳಗಿಳಿಸಿ, ಓತಿಯ ಪಕ್ಕೆಲುಬುಗಳು ಹೊರಕ್ಕೆ ಚಾಚಿ ಅವುಗಳ ನಡುವಿನ ಚರ್ಮ ಕೊಡೆಯಂತೆ ಬಿಚ್ಚಿಕೊಳ್ಳುವ ಚಿತ್ರವನ್ನು ತೋರಿಸಿದರು. ಅದು ಹಕ್ಕಿಯಂತೆ ರೆಕ್ಕೆ ಬಡಿಯುವುದಿಲ್ಲ, ಮರದಿಂದ ಮರಕ್ಕೆ ತೇಲಿಕೊಂಡು ಇಳಿಯುತ್ತದೆ ಎಂದು ವಿವರಿಸಿದರು. ಹುಡುಗ ಆ ಪುಟವನ್ನು ಬಹಳ ಹೊತ್ತು ನೋಡಿ, ಕೊನೆಗೆ 'ಕರ್ವಾಲೊ' ಒಂದನ್ನೇ ಕೊಂಡ. ಸಚಿತ್ರ ಪುಸ್ತಕದ ಬೆಲೆ ಅವನ ಕೈಗೆ ಎಟಕುವಂತಿರಲಿಲ್ಲ. ಅಂಗಡಿಯಲ್ಲಿಯೇ ಕುಳಿತು ಓದಬಹುದೆಂದು ಮಾಲೀಕರು ಅವನಿಗೆ ಸ್ಟೂಲು ಹಾಕಿಕೊಟ್ಟರು.

ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್' 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ನಂತರ, ಅದನ್ನು ಇಂಗ್ಲಿಷಿನಲ್ಲಿ ಓದಿ ಮೂಲವನ್ನು ಹುಡುಕಿಕೊಂಡು ಬರುವವರು ಇಲ್ಲಿ ಹೆಚ್ಚಾದರು. ದೀಪಾ ಭಾಸ್ತಿಯವರು ಅನುವಾದಿಸಿದ ಆ 12 ಕತೆಗಳು ಹಲವು ವರ್ಷಗಳ ಬರವಣಿಗೆಯಿಂದ ಆಯ್ದವು ಎಂಬುದನ್ನು ಮಾಲೀಕರು ಬಂದವರಿಗೆಲ್ಲ ತಾಳ್ಮೆಯಿಂದ ತಿಳಿಸಿ, ಯಾವ ಕತೆ ಯಾವ ಸಂಕಲನದಲ್ಲಿದೆ ಎಂದು ಚೀಟಿಯಲ್ಲಿ ಬರೆದುಕೊಡುತ್ತಿದ್ದರು.

ಕೊಳ್ಳುವ ಮುನ್ನ ಪುಸ್ತಕದ ಮುದ್ರಣ ವಿವರದ ಪುಟವನ್ನು ತೆರೆದು ತೋರಿಸುವುದು ಅವರ ಇನ್ನೊಂದು ರೂಢಿ. ಯಾವ ವರ್ಷದ ಮುದ್ರಣ, ಎಷ್ಟು ಪ್ರತಿಗಳು, 70 ಜಿ.ಎಸ್.ಎಂ. (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್‌ಲಿಥೊ ಎಂಬ ಮುದ್ರಣ ಕಾಗದವೇ, ಪರಿಷ್ಕೃತ ಆವೃತ್ತಿಯೇ ಅಥವಾ ಬರಿಯ ಮರುಮುದ್ರಣವೇ ಎಂಬುದನ್ನು ಗಿರಾಕಿ ತಾನೇ ಓದಿಕೊಳ್ಳಬೇಕು. ವಿಜ್ಞಾನ ಮತ್ತು ಆರೋಗ್ಯದ ಪುಸ್ತಕಗಳಲ್ಲಿ ಇದು ಬಹಳ ಮುಖ್ಯ. ಇಪ್ಪತ್ತು ವರ್ಷಗಳ ಹಿಂದಿನ ಮಾಹಿತಿಯನ್ನು ಹೊಸ ಮುಖಪುಟದಲ್ಲಿ ಕೊಂಡು ನಾನೇ ಹಿಂದೆ ಬೇರೆಡೆ ಮೋಸಹೋಗಿದ್ದೇನೆ.

ಕೊರತೆಗಳೂ ಇವೆ. ಅರ್ಥಶಾಸ್ತ್ರ, ಕಾನೂನು, ಕಂಪ್ಯೂಟರಿಗೆ ಸಂಬಂಧಿಸಿದ ಕಪಾಟು ಬಹಳ ಬಡವಾಗಿದೆ. ಕನ್ನಡದಲ್ಲಿ ಈ ವಿಷಯಗಳ ಪುಸ್ತಕಗಳೇ ಕಡಿಮೆ ಎಂಬ ಮಾತನ್ನು ಒಪ್ಪಿದರೂ, ಇರುವಷ್ಟನ್ನಾದರೂ ತರಿಸಬಹುದಾಗಿತ್ತು. ಆ ಜಾಗವನ್ನು ವ್ಯಕ್ತಿತ್ವ ವಿಕಸನದ ಅನುವಾದಗಳು ತುಂಬಿವೆ. ಹಳೆಯ ಪುಸ್ತಕಗಳನ್ನು ಅಟ್ಟದ ಮೇಲಿಟ್ಟಿದ್ದು, ಅಲ್ಲಿಗೆ ಹತ್ತುವ ಏಣಿ ವಯಸ್ಸಾದವರಿಗೆ ಅಪಾಯಕಾರಿ. ನನ್ನ ದೊಡ್ಡ ದೂರು ಬೇರೆ. ಶಿವರಾಮ ಕಾರಂತರ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳ ಹಳೆಯ ಪ್ರತಿಯನ್ನು ಕೊಡುವಾಗ ಮೂರನೆಯ ಸಂಪುಟ ಹದಿನೈದು ದಿನಗಳಲ್ಲಿ ಬರುತ್ತದೆಂದು ಹೇಳಿ, ನಾಲ್ಕೂ ಸಂಪುಟಗಳ ಹಣ ತೆಗೆದುಕೊಂಡರು. ಅದು ನನ್ನ ಕೈಸೇರಲು ಐದು ತಿಂಗಳು ಹಿಡಿಯಿತು; ನಡುವೆ ನಾಲ್ಕು ಸಲ ನಾನೇ ಹೋಗಿ ಕೇಳಬೇಕಾಯಿತು. ಒಬ್ಬನೇ ಮನುಷ್ಯ ದೊಡ್ಡ ಸಂಗ್ರಹವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ನಡೆಸಿದರೆ ಹೀಗಾಗುವುದು ಸಹಜವಾದರೂ, ಹಣ ಪಡೆದ ಮೇಲೆ ಒಂದು ಫೋನ್ ಮಾಡಿ ವಿಳಂಬವನ್ನು ತಿಳಿಸುವುದು ಅವರ ಕರ್ತವ್ಯವಾಗಿತ್ತು. ಈಗ ಮುಂಗಡವಾಗಿ ಅರ್ಧ ಹಣವನ್ನಷ್ಟೇ ಕೊಡುತ್ತೇನೆ, ಬೇರೆಯವರಿಗೂ ಅದನ್ನೇ ಹೇಳುತ್ತೇನೆ.

ಹೊಸ ಪುಸ್ತಕಗಳಿಗೆ ಹತ್ತು ಪರ್ಸೆಂಟ್ ರಿಯಾಯಿತಿ ಉಂಟು, ಯುಪಿಐ ನಡೆಯುತ್ತದೆ, ಸೋಮವಾರ ರಜೆ. ಸಂಜೆ ನಾಲ್ಕರ ನಂತರ ಹೋದರೆ ಪಶ್ಚಿಮದ ಕಿಟಕಿಯ ಬೆಳಕು ಕಾಡಿನ ಕಪಾಟಿನ ಮೇಲೆ ನೇರವಾಗಿ ಬೀಳುವುದರಿಂದ, ಕೆಳಸಾಲಿನ ಪುಸ್ತಕಗಳ ಬೆನ್ನಿನ ಮೇಲಿನ ಹೆಸರುಗಳನ್ನೂ ಬಗ್ಗದೆ ಓದಬಹುದು.